ಗೆಲ್ತೀನಿ ಅಂದವಳ ಕಾಕಾ

ನಮ್ಮ ಕಡೆ ಚಲೋ ಇದ್ದದ್ದನ್ನು ಚಲೋ ಎಂದು ಹೇಳುವ ಪದ್ಧತಿ ಇಲ್ಲ. ಮೆಣಸಿನ ಗಿಡ ಭಾರಕ್ಕೆ ಬಾಗಿ ನಿಂತಿದ್ದರೂ, ಬೆಳೆ ಹೇಗಿದೆ ಎಂದು ಕೇಳಿದವರಿಗೆ "ಅಡ್ಡಿ ಇಲ್ರಿ" ಎಂದು ಹೇಳಿ ಮುಂದೆ ಹೋಗುತ್ತೇವೆ. ಮಗ ಶಾಲೆಗೇ ಮೊದಲಿಗನಾಗಿ ಬಂದರೆ "ಪಾಸಾಗ್ಯಾನ್ರಿ". ಈ ವಿದ್ಯೆಯಲ್ಲಿ ನಾನಂತೂ ಚೆನ್ನಾಗಿ ಪಳಗಿದವನು. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಚೆನ್ನಾಗಿ ಕಲಿಸುತ್ತೇನೆ ಎಂದು ಹೆಂಡತಿಯ ಮುಂದೆ ಕೂಡ ಬಾಯಿಬಿಟ್ಟಿಲ್ಲ. ಹಾಗೆ ಹೇಳಿದ ಮರುದಿನವೇ ಬೋರ್ಡಿನ ಮೇಲೆ ಕಾಗುಣಿತ ತಪ್ಪೀತೆಂಬ ಅಂಜಿಕೆ.

ಇಂಥ ಮನೆಯಲ್ಲಿ ನನ್ನ ಅಣ್ಣನ ಮಗಳು ಶೈಲಾ ಹುಟ್ಟಿದಳು. ಹತ್ತೊಂಬತ್ತು ವರ್ಷ. ಕುಸ್ತಿ ಹಿಡಿಯುತ್ತಾಳೆ. ಧಾರವಾಡ ಜಿಲ್ಲೆಯ ಸಂಶಿಯ ಬಾಜುವಿನ ನಮ್ಮ ಸಣ್ಣ ಊರಿನಲ್ಲಿ ಒಂದು ಹಳೆಯ ಗರಡಿ ಇದೆ. ಅಲ್ಲಿ ಕುಸ್ತಿ ಕಲಿಸುವ ವಸ್ತಾದರು ಮೊದಮೊದಲು ಇವಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಆರು ತಿಂಗಳು ಬಿಡದೆ ಹೋಗಿ ನಿಂತ ಮೇಲೆ ಒಳಗೆ ಬಿಟ್ಟುಕೊಂಡರು. ಈಗ ಅವರ ಎಲ್ಲಾ ಪಟ್ಟುಗಳೂ ಇವಳ ಕೈಯಲ್ಲಿವೆ.

ಕಳೆದ ವರ್ಷ ಧಾರವಾಡದಲ್ಲಿ ದೊಡ್ಡದೊಂದು ಕುಸ್ತಿ ಸ್ಪರ್ಧೆ ನಡೆಯಿತು. ಶನಿವಾರ ಶೈಲಾ ಸೆಮಿಫೈನಲ್ ಗೆದ್ದಳು. ನಮ್ಮೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು, ಜೊತೆಗೆ ಒಂದು ಸುದ್ದಿ ಚಾನೆಲ್ಲನ್ನೂ ನಡೆಸುವ ಮಂಜುನಾಥ ಅಲ್ಲಿಗೆ ಹೋಗಿದ್ದ. ಬೆವರು ಆರುವ ಮೊದಲೇ ಅವಳ ಮುಖಕ್ಕೆ ಫೋನ್ ಹಿಡಿದು, "ನಾಳೆ ಫೈನಲ್ ಏನಾಕ್ಕೈತಿ?" ಎಂದು ಕೇಳಿದ.

"ನಾನ ಗೆಲ್ತೀನ್ರಿ" ಎಂದಳು ಶೈಲಾ. "ಎದುರಿನಾಕಿ ಚಲೋ ಕುಸ್ತಿ ಹಿಡೀತಾಳ. ನಾ ಆಕಿಗಿಂತ ಚಲೋ ಹಿಡೀತೀನಿ." ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಅರ್ಧ ಜೀವವಾದರೂ ಉಳಿಯುತ್ತಿತ್ತು. "ಮತ್ತೊಂದು ಮಾತ್ರಿ. ನಮ್ಮ ಗರಡ್ಯಾಗ ಹುಡಿಗ್ಯಾರಿಗೆ ಬಟ್ಟಿ ಬದಲಿಸಾಕ ಒಂದು ಖೋಲಿ ಇಲ್ಲ. ನಾ ಮೂರು ವರ್ಷ ಬಾಜೂ ಮನಿಯವರ ಬಚ್ಚಲದಾಗ ಬಟ್ಟಿ ಬದಲಿಸೀನಿ. ಇದನ್ನೂ ಹಾಕ್ರಿ ನಿಮ್ಮ ಚಾನೆಲ್‌ದಾಗ."

ಮಂಜುನಾಥ ಹಾಕಿದ. ಸಂಜೆಯ ಹೊತ್ತಿಗೆ ನಮ್ಮೂರ ಚಹಾದಂಗಡಿಯ ಪ್ರತಿಯೊಂದು ಫೋನಿನಲ್ಲೂ ನಮ್ಮ ಹುಡುಗಿ "ನಾನ ಗೆಲ್ತೀನ್ರಿ" ಎನ್ನುತ್ತಿದ್ದಳು. ಒಬ್ಬರು "ಭಾಳ ಮೆರಿಯಾಕ ಹತ್ಯಾಳ" ಎಂದರು. ಇನ್ನೊಬ್ಬರು, "ಸೋಲ್ಲಿ ತಡಿ, ಆಮ್ಯಾಲ ನೋಡೂಣು" ಎಂದರು. ನಾನು ಅರ್ಧ ಕಪ್ ಚಹಾ ಬಿಟ್ಟು ಎದ್ದು ಮನೆಗೆ ಬಂದೆ. ಅಲ್ಲಿ ನನ್ನ ಅವ್ವ, ವಿಡಿಯೋ ಓಡುತ್ತಿದ್ದ ಫೋನನ್ನು ಗೋಡೆಗೆ ಒರಗಿಸಿಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಮಾತನಾಡದ ಸ್ವಭಾವದ ಅಣ್ಣ ದನದ ಕೊಟ್ಟಿಗೆಯಲ್ಲಿ ಗುಡಿಸಿದ ಕಡೆಯೇ ಮತ್ತೆ ಗುಡಿಸುತ್ತಿದ್ದ.

ಕನ್ನಡ ಮಾಸ್ತರನಿಗೆ ಚಿಂತೆ ಹತ್ತಿದರೆ ಅವನು ಪದಗಳನ್ನು ಎಣಿಸುತ್ತ ಕೂರುತ್ತಾನೆ. ಸೊಕ್ಕು, ಜಂಭ, ಗರ್ವ, ಮದ, ಹಮ್ಮು, ದಿಮಾಕು: ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವನನ್ನು ಬೈಯಲು ನಮ್ಮಲ್ಲಿ ಎಷ್ಟು ಪದಗಳಿವೆ! ತನ್ನ ಮೇಲೆ ತನಗಿರುವ ನಂಬಿಕೆಗೆ ಮಾತ್ರ 'ಆತ್ಮವಿಶ್ವಾಸ' ಎಂಬ ಒಂದೇ ಪದ ನೆನಪಾಯಿತು. ಅದನ್ನು ನಾನು ಪ್ರಬಂಧ ಬರೆಯಲು ಕೊಟ್ಟಿದ್ದೇನೆಯೇ ಹೊರತು ಅಡುಗೆಮನೆಯಲ್ಲಿ ಯಾರೂ ಆಡಿದ್ದು ಕೇಳಿಲ್ಲ. ಅದೇ ಗರಡಿಯಲ್ಲಿ ಗಂಡಸರು ಕಣಕ್ಕಿಳಿಯುವ ಮುನ್ನ ಊರಿಗೆಲ್ಲ ಕೇಳುವಂತೆ ತೊಡೆ ತಟ್ಟುತ್ತಾರಲ್ಲ, ಅದರ ಅರ್ಥವಾದರೂ ಏನು? "ನಾನ ಗೆಲ್ತೀನಿ" ಎಂದೇ ತಾನೇ? ಅದಕ್ಕೆ ಸಿಳ್ಳೆ ಹಾಕುವ ನಾವು ಹುಡುಗಿಯೊಬ್ಬಳು ಅದನ್ನೇ ಬಾಯಿಂದ ಹೇಳಿದರೆ ಚಹಾ ಬಿಟ್ಟು ಏಳುತ್ತೇವೆ. ಇಷ್ಟೆಲ್ಲ ತಿಳಿದಿದ್ದರೂ ಅವಳಿಗೆ ಫೋನ್ ಹಚ್ಚಿದೆ.

"ಯವ್ವಾ, ಇನ್ನೊಂದು ಸಣ್ಣ ವಿಡಿಯೋ ಮಾಡಿ ಹಾಕು. ದೇವರ ದಯಾ, ಹಿರಿಯರ ಆಶೀರ್ವಾದ, ನೋಡೂಣು ಅಂತ ಹೇಳು."

"ಯಾಕ ಕಾಕಾ? ನಾ ಸುಳ್ಳ ಹೇಳೇನೇನು?"

"ಸುಳ್ಳಲ್ಲ ಬೇ. ಸೋತ್ರ ಮಂದಿ ನಗ್ತಾರ."

"ಸುಮ್ನಿದ್ದು ಸೋತ್ರ ನಗಂಗಿಲ್ಲೇನು?"

ನಾನು ಮಾತು ತಿರುಗಿಸಿ, "ವಸ್ತಾದರಿಗೆ ಸಿಟ್ಟು ಬಂದೈತಂತ" ಎಂದೆ. ಅದು ನಿಜವೂ ಆಗಿತ್ತು. ಅವರು ಯಾರೊಂದಿಗೂ ಮಾತಾಡದೆ ಗರಡಿಗೆ ಬೀಗ ಹಾಕಿಕೊಂಡು ಮನೆಗೆ ಹೋಗಿದ್ದರು. ಶೈಲಾ "ನಾಳೆ ಬಾ ಕಾಕಾ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಭಾನುವಾರ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಎರಡು ಭಾಷಣ ತಯಾರು ಮಾಡಿದೆ. ಗೆದ್ದರೆ ಹೇಳುವುದೊಂದು, ಸೋತರೆ ಹೇಳುವುದೊಂದು. ಸೋಲಿನದೇ ಉದ್ದವಾಯಿತು.

ಕುಸ್ತಿ ಶುರುವಾದಾಗ ಶೈಲಾ ಸಲೀಸಾಗಿ ನಾಲ್ಕು ಪಾಯಿಂಟ್ ಮುಂದೆ ಹೋದಳು. ನನ್ನ ಬಾಯಿಂದ "ಭಲೇ" ಹೊರಟಿತು. ಕೂಡಲೇ ದೃಷ್ಟಿಯಾದೀತೆಂದು ಬಾಯಿ ಮುಚ್ಚಿಕೊಂಡೆ. ಮುಗಿಯಲು ಅರ್ಧ ನಿಮಿಷವಿದ್ದಾಗ ಎದುರಿನ ಹುಡುಗಿ ಒಮ್ಮೆಲೇ ಕಾಲಿಗೆ ಕೈಹಾಕಿ ಇವಳನ್ನು ಕೆಡವಿದಳು. ಎರಡೂ ಭುಜ ಮ್ಯಾಟಿಗೆ ತಾಗಿದವು; ಹಾಗಾದರೆ ಪಾಯಿಂಟ್ ಎಷ್ಟಿದ್ದರೂ ಸೋಲೇ. ಮುಗಿಯಿತು.

ನಾನು ಗ್ಯಾಲರಿಯಿಂದ ಕೆಳಗಿಳಿದು ಬರುವಷ್ಟರಲ್ಲಿ ಮಂಜುನಾಥ ಫೋನ್ ಹಿಡಿದು ನಿಂತೇ ಬಿಟ್ಟಿದ್ದ. ಅಡ್ಡ ನಿಲ್ಲಬೇಕೆಂದುಕೊಂಡೇ ಜನರ ಹಿಂದೆ ನಿಂತೆ. ಶೈಲಾ ಮೂಗು ಒರೆಸಿಕೊಂಡು, ಅದೇ ದನಿಯಲ್ಲಿ ಹೇಳಿದಳು: "ಸೋತೆ ನೋಡ್ರಿ. ನಿನ್ನೆ ನಾ ಹೇಳಿದ್ದು ತಪ್ಪಾತು. ಇವತ್ತ ಆಕೀನ ಚಲೋ ಹಿಡಿದ್ಲು. ಮುಂದಿನ ಸಲ ನಾ ಗೆಲ್ತೀನಿ. ಖೋಲಿ ಮಾತು ಮಾತ್ರ ಇವತ್ತೂ ಖರೇನ ಐತ್ರಿ."

ಊರಿನ ಬಸ್ಸಿನಲ್ಲಿ ಅವಳು ಕಿಟಕಿಗೆ, ನಾನು ಬಾಜುವಿಗೆ. ನನ್ನ ಉದ್ದನೆಯ ಭಾಷಣದ ಮೊದಲ ವಾಕ್ಯ ಶುರು ಮಾಡುವಷ್ಟರಲ್ಲಿ ಅವಳೇ, "ಕಾಕಾ, ನಿನಗ ಒಂದು ಹೇಳ್ಲೇನು?" ಎಂದಳು. "ಶನಿವಾರ ನನಗ ಭಾಳ ಅಂಜಿಕಿ ಆಗಿತ್ತು. ಎದುರಿನಾಕಿ ಹೆಂಗ ಹಿಡೀತಾಳ ಅಂತ ನೋಡಿದ್ನಲ್ಲಾ. ಗೆಲ್ತೀನಿ ಅಂತ ಮಂದಿಗೆ ಹೇಳ್ಲಿಲ್ಲ ನಾ. ಗಟ್ಟ್ಯಾಗಿ ಅಂದ್ರ ನನ್ನ ಕಿವಿಗೆ ಕೇಳಿಸ್ತೈತಿ ಅಂತ ಅಂದೆ."

ನಾನು ಅವಳ ಮುಖವನ್ನೇ ನೋಡಿದೆ. ಅಂಜುವುದು ಮನೆಯಲ್ಲಿ ನನ್ನೊಬ್ಬನ ಪಾಲು, ಈ ಹುಡುಗಿಗೆ ಅದರ ಗಾಳಿಯೂ ಸೋಕಿಲ್ಲ ಎಂದು ತಿಳಿದಿದ್ದೆನಲ್ಲ! ನನ್ನ ಅಂಜಿಕೆ ಬಾಯಿ ಮುಚ್ಚಿಸುತ್ತದೆ, ಅವಳದು ಬಾಯಿ ತೆರೆಸುತ್ತದೆ, ಅಷ್ಟೇ ವ್ಯತ್ಯಾಸ. ಆಟಗಾರರು ಹೀಗೆ ಮಾತಾಡಬೇಕೋ ಬಾರದೋ ಎಂದು ಟೀವಿಯಲ್ಲಿ ದೊಡ್ಡವರು ವಾದ ಮಾಡುವಾಗ, ಆ ಮಾತು ಯಾರ ಕಿವಿಗಾಗಿ ಹೊರಟದ್ದೆಂದು ಯಾರಾದರೂ ಕೇಳಿದ್ದಾರೆಯೇ?

ಊರಿನಲ್ಲಿ ನಕ್ಕರು. ಸುಳ್ಳು ಹೇಳುವುದಿಲ್ಲ, ನಾಲ್ಕು ದಿನ ಚೆನ್ನಾಗಿಯೇ ನಕ್ಕರು. ಐದನೆಯ ದಿನ ವಸ್ತಾದರು ಗರಡಿಯ ಬೀಗ ತೆಗೆದರು. ಮುರಿದ ಸಾಮಾನು ತುಂಬಿದ್ದ ಹಿಂದಿನ ಖೋಲಿಯನ್ನು ತಾವೇ ಬರಿದು ಮಾಡಿ, ಬಾಗಿಲಿನ ಒಳಬದಿಗೆ ಹೊಸ ಚಿಲಕ ಕೂಡಿಸಿದರು. ಶೈಲಾಗೆ "ಮಂದಿ ಮುಂದ ಹೇಳೂಕಿಂತ ಮೊದಲ ನನಗ ಹೇಳಬೇಕಿತ್ತು" ಎಂದರು. ಅವಳು, "ಮೂರು ಸಲ ಹೇಳಿದ್ನಿರಿ ವಸ್ತಾದ್ರ" ಎಂದಳು. ಅವರು ಸುತ್ತಿಗೆ ಕೆಳಗಿಟ್ಟು, "ಹೌದು, ಹೇಳಿದ್ದಿ" ಎಂದರು. ಈಗ ಅಲ್ಲಿ ಆರು ಹುಡುಗಿಯರು ಕಲಿಯುತ್ತಾರೆ.

ಮೊನ್ನೆ ಮತ್ತೊಂದು ಸ್ಪರ್ಧೆಗೆ ಶೈಲಾ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಮಂಜುನಾಥ ಹಾಜರು. ಅವಳು ಹೇಳುವುದು ಗೊತ್ತೇ ಇತ್ತೆಂದೋ ಏನೋ, ಫೋನನ್ನು ನನ್ನ ಕಡೆ ತಿರುಗಿಸಿ, "ನೀವೇನಂತೀರಿ ಸರ್?" ಎಂದ. ಸುತ್ತ ಜನ. ನೋಡೂಣು, ದೇವರ ದಯಾ ಎಂದೆಲ್ಲ ನಾಲಗೆಯ ತುದಿಗೆ ಬಂದವು. ಹೇಗೋ ಅವನ್ನು ನುಂಗಿ, "ನಮ್ಮ ಹುಡಿಗಿ ಗೆಲ್ತಾಳ್ರಿ" ಎಂದುಬಿಟ್ಟೆ.

ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲೆಯೇ ಕಾಣುತ್ತಿತ್ತೇನೋ. ಶೈಲಾ ಬ್ಯಾಗನ್ನು ಹೆಗಲಿಗೇರಿಸಿ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಇನ್ನೊಮ್ಮೆ ಹೇಳು ಕಾಕಾ. ಎರಡನೇ ಸಲಕ್ಕ ಸ್ವಲ್ಪ ಹಗುರ ಆಕ್ಕೈತಿ."