ಮೂರು ಕುದುರೆ, ಆರು ಗೂಡು

ರಸೂಲನ ರೇಷ್ಮೆಗೂಡಿನಿಂದಲೇ ತನ್ನ ಆಟ ಕೆಟ್ಟಿತು ಎಂಬ ಸಿಟ್ಟು ಚನ್ನಪಟ್ಟಣದ ಬೊಂಬೆ ಕೆಲಸದ ಕೆಂಪಯ್ಯನಿಗೆ ಇವತ್ತಿಗೂ ಆರಿಲ್ಲ. ಯಾರಾದರೂ ಮರದ ಕುದುರೆ ಕೈಗೆತ್ತಿಕೊಂಡರೆ ಸಾಕು, ಅವನ ಮೂಗಿನ ಹೊಳ್ಳೆ ಅರಳುತ್ತದೆ.

ಆಗ ರೇಷ್ಮೆಯ ಕಾಲ. ರಾಮನಗರದ ಬಸ್ಸುಗಳಲ್ಲಿ ಗೂಡಿನ ಮೂಟೆಗೆ ಜಾಗ, ಮನುಷ್ಯರಿಗಿಲ್ಲ. ಜೊತೆಯಲ್ಲಿ ಮರ ಕಡೆಯುತ್ತಿದ್ದ ರಸೂಲ್ ಕೂಡ ಉಳಿ ಬಿಟ್ಟು, ಪಕ್ಕದ ಮನೆಯಲ್ಲೇ ಗೂಡು ಬೇಯಿಸಿ ನೂಲು ತೆಗೆಯಲು ಕೂತ.

"ನೀನೂ ಬಂದ್ಬುಡ್ಲಾ ಕೆಂಪ, ಮರದ ಪುಡಿ ನುಂಗಿದ್ದು ಸಾಕು."

"ನಿನ್ನ ಹುಳದ ನಾತಕ್ಕೆ ನನ್ನ ಹೆಣಾನೂ ಬರಾಕಿಲ್ಲ ಕಣ್ಲಾ."

ಅಂದದ್ದೇನೋ ಅಂದ, ಆದರೆ ಕೆಲಸವಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಬೊಂಬೆ ಅಂಗಡಿಯವರೊಬ್ಬರು ಬಂದು ಗ್ರೀಕರ ಹಳೆಯ ಯುದ್ಧದ ಕಥೆ ಹೇಳಿದರು. ಟ್ರಾಯ್ ಎಂಬ ಕೋಟೆಯನ್ನು ಹತ್ತು ವರ್ಷ ಮುತ್ತಿಗೆ ಹಾಕಿದರೂ ಗೆಲ್ಲಲಾಗದೆ, ಗ್ರೀಕರು ಮರದ ಕುದುರೆಯ ಹೊಟ್ಟೆಯಲ್ಲಿ ಸೈನಿಕರನ್ನು ಅಡಗಿಸಿ ಬಾಗಿಲಲ್ಲಿ ಬಿಟ್ಟು ಹೋದರಂತೆ. ಕೋಟೆಯವರು ತಾವೇ ಅದನ್ನು ಒಳಗೆಳೆದುಕೊಂಡು ಹಾಳಾದರಂತೆ.

"ಇದನ್ನೇ ಬುದ್ಧಿ ಓಡಿಸಿ ಆಡೋ ಆಟ ಮಾಡಿ. ಒಪ್ಪಿಗೆಯಾದ್ರೆ ನೂರು ಸೆಟ್ ತಗೋತೀನಿ" ಎಂದರು.

ನೂರು ಸೆಟ್ ಎಂದರೆ ವರ್ಷವಿಡೀ ಉಳಿ ಕೆಳಗಿಡುವಂತಿಲ್ಲ. ಇದು ಕೈಹಿಡಿದರೆ ರಸೂಲನ ಹಾಗೆ ಹುಳ ಬೇಯಿಸುವುದು ತಪ್ಪುತ್ತದೆ. ಕೆಂಪಯ್ಯ ಹಲಗೆಯ ಮೇಲೆ ಹುಲಿ-ಕುರಿ ಆಟದ ಗೆರೆ ಎಳೆದು ನಡುವೆ ಕೋಟೆ ಬರೆದ, ಕಾಯಿ ಕಡೆದ, ಒಂದು ಕುದುರೆ ಮಾಡಿದ. ಹೆಂಡತಿ ಬೀರಮ್ಮನನ್ನು ಕೋಟೆಯ ಕಡೆ ಕೂರಿಸಿಕೊಂಡ. ಅವಳು ಕುದುರೆಯನ್ನು ಮುಟ್ಟಲೇ ಇಲ್ಲ.

"ಒಳಕ್ಕೆ ಎಳ್ಕಳೇ!"

"ಹೊಟ್ಟೇಲಿ ಕಳ್ರವ್ರೆ ಅಂತ ನೀನೇ ಹೇಳ್ಬುಟ್ಟು ಎಳ್ಕೋ ಅಂತೀಯಲ್ಲ, ನಾನೇನ್ ದಡ್ಡಿಯಾ?"

ಕೆಂಪಯ್ಯ ಎಸೆದ ಹಲಗೆ ಹೋಗಿ ಅಂಗಳಕ್ಕೆ ಬಿತ್ತು. ಮೂರನೆಯ ದಿನ ಅವಳೇ ದಾರಿ ಹೇಳಿದಳು. "ಮೂರು ಕುದುರೆ ಮಾಡು. ಒಂದ್ರಲ್ಲಿ ಕಳ್ರು, ಎರಡ್ರಲ್ಲಿ ದವಸ. ಹಸ್ದೋರು ಎಳ್ಕಳ್ದೆ ಇದ್ದಾರಾ?"

ಸರಿ, ಮೂರು ಸುತ್ತಿಗೆ ಕೋಟೆಯ ದವಸ ಮುಗಿಯಬೇಕು ಎಂದು ಕಟ್ಟಳೆ ಮಾಡಿದ. ಆದರೆ ಅಲ್ಲಾಡಿಸಿದರೆ ಕಳ್ಳರ ಕಾಯಿಯ ಸದ್ದೇ ಬೇರೆ, ದವಸಕ್ಕೆಂದು ತುಂಬಿದ ರಾಗಿಯ ಸದ್ದೇ ಬೇರೆ. ಗುಟ್ಟು ನಿಲ್ಲಲಿಲ್ಲ. ನೋಡಲು ಬಂದ ರಸೂಲ್ ನಕ್ಕ.

"ಎಲ್ಲಕ್ಕೂ ಎರಡೆರಡು ಗೂಡು ಹಾಕ್ಲಾ. ಒಳಗೆ ಸತ್ತು ಒಣಗಿದ ಹುಳ ಒಂದೇ ಥರ ಗೊಟಗೊಟ ಅಂತದೆ. ಕಳ್ರ ಗೂಡಿಗೆ ಕೆಂಪು ಬಳಿ. ಬದ್ಲಿಗೆ ನಂಗೆ ನೂಲು ಸುತ್ತಾಕೆ ನಾಲ್ಕು ಉರುಳೆ ಕಡ್ಕೊಡು, ಸಾಕು."

ಮರುದಿನ ಕೆಂಪಯ್ಯ ಹೋದಾಗ ರಸೂಲ್ ಮನೆಯಲ್ಲಿರಲಿಲ್ಲ. ಜಗಲಿಯಲ್ಲಿ ಎರಡು ಮಂಕರಿ. ಒಂದರಲ್ಲಿ ಹಬೆ ಕೊಟ್ಟು ಹುಳ ಸಾಯಿಸಿದ ಗೂಡು, ಇನ್ನೊಂದರಲ್ಲಿ ಅಂದು ಬೆಳಿಗ್ಗೆ ರಾಮನಗರದಿಂದ ತಂದ ಹಸಿ ಗೂಡು.

"ಒಸಿ ತಾಳಣ್ಣ, ಅವರೇ ಬಂದು ಆರಿಸ್ಕೊಡ್ತಾರೆ" ಎಂದಳು ರಸೂಲನ ಹೆಂಡತಿ ಜಹೀದಾ.

"ಆರ್ಸೋಕೆ ಇದೇನ್ ಮಾವಿನಹಣ್ಣಾ? ಗೂಡು ಗೂಡೇ ಕಣಮ್ಮ!" ಹತ್ತಿರದ ಮಂಕರಿಗೆ ಕೈ ಹಾಕಿ ಆರು ಗೂಡು ಎತ್ತಿಕೊಂಡು ನಡೆದೇಬಿಟ್ಟ.

ವಾರದ ಮೇಲೆ ಅಂಗಡಿಯವರು ಬಂದರು. ಕೋಟೆಯ ಕಡೆ ಅವರೇ ಕೂತರು. ಮೂರೂ ಕುದುರೆಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದೇ ಇಲ್ಲ. ಮುಚ್ಚಳ ಹಾಕಿದ ದಿನ ಮೂರೂ ಗೊಟಗೊಟ ಅಂದಿದ್ದವು. ಮೂರನೆಯ ಸುತ್ತಿಗೆ ಕೋಟೆಯ ದವಸ ಮುಗಿಯಿತು. ಅವರು ಒಂದನ್ನು ಒಳಗೆಳೆದು ಹೊಟ್ಟೆಯ ಮುಚ್ಚಳ ತೆಗೆದರು. ಗೂಡು ತೂತಾಗಿತ್ತು. ಎರಡು ಬಿಳಿ ಚಿಟ್ಟೆ ಪಟಪಟನೆ ರೆಕ್ಕೆ ಬಡಿಯುತ್ತಾ ಉರುಳಿ ಬಂದು, ಅವರ ಅಂಗೈ ತುಂಬ ಕಂದು ನೀರು ಬಿಟ್ಟವು. ಮಿಕ್ಕ ಎರಡು ಕುದುರೆಗಳಲ್ಲೂ ಅದೇ ಗತಿ.

"ಬೇರೆ ಗೂಡು ಹಾಕ್ಕೊಡ್ತೀನಿ ಸ್ವಾಮಿ…"

"ಮುಚ್ಚಳ ಹಾಕಿದ ಮೇಲೆ ಒಳಗೇನಿದೆ ಅಂತ ನನಗೆ ಹೆಂಗ್ರೀ ಗೊತ್ತಾಗಬೇಕು?" ಎಂದು ಅವರು ಕೈ ಒರೆಸಿಕೊಂಡು ಎದ್ದರು.

ಅವರ ಕಾರು ತಿರುವು ದಾಟುವವರೆಗೂ ಕೆಂಪಯ್ಯ ಕುದುರೆ ಹಿಡಿದುಕೊಂಡು ನಿಂತೇ ಇದ್ದ.

ಸಂಜೆ ರಸೂಲ್ ಬಂದ. "ಒಂದ್ಗಳಿಗೆ ಕಾದಿದ್ರೆ ಹಬೆ ಗೂಡೇ ಕೊಡ್ತಿದ್ನಲ್ಲೋ."

ಕೆಂಪಯ್ಯ ಬಾಗಿಲು ಹಾಕಿಕೊಂಡ.

ಮುಂದಿನ ವರ್ಷ ಕನಕಪುರದಲ್ಲಿ ಯಾರದೋ ಒಲೆಯ ಮುಂದೆ ಗೂಡು ಬೇಯಿಸಲು ಕೂತ. ರಸೂಲನಿಗೆಂದು ಕಡೆದು, ಅರಗು ಹಚ್ಚಿ ಮಿಂಚಿಸಿದ ನಾಲ್ಕು ಉರುಳೆ ಮಾತ್ರ ಚನ್ನಪಟ್ಟಣದ ಮನೆಯ ಅಟ್ಟದ ಮೇಲೆ, ಕುದುರೆಗಳ ಪಕ್ಕದಲ್ಲೇ ಇವೆ. ರಸೂಲ್ ಕೇಳಿದವನಲ್ಲ. "ಪಕ್ಕದ್ಮನೆ ಕಣಯ್ಯಾ, ಕೊಟ್ಬುಟ್ಟು ಬಾ" ಎಂದು ಅವನು ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಬೀರಮ್ಮ ಅನ್ನುತ್ತಾಳೆ. ಕೆಂಪಯ್ಯ ಅವನ್ನು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಮೇಲಿಡುತ್ತಾನೆ.