ಸುಸಲಾ ಜೊತೆಗೆ ಅಣುಬಾಂಬು

ಇವತ್ತು ಬೆಳಿಗ್ಗೆ ಸುರಪುರ ಬಸ್ ಸ್ಟ್ಯಾಂಡಿನ ಎದುರು, ಶರಣಪ್ಪ ಕಾಕಾನ ಹೋಟೆಲಿನಲ್ಲಿ ಸುಸಲಾ, ಅಂದರೆ ನಮ್ಮ ಕಡೆಯ ಮಂಡಕ್ಕಿ ಒಗ್ಗರಣೆ, ತಿನ್ನುತ್ತಿದ್ದೆ. ಮಿರ್ಚಿ ಕಚ್ಚಬೇಕು, ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಯಾವುದೋ ಸುದ್ದಿ ಚಾನೆಲ್ಲಿನ ಪ್ರಶ್ನೆ: ‘ಅಣುಬಾಂಬನ್ನು ನಾವೇ ಮೊದಲು ಹಾಕಬೇಕೇ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು.’ ನೀವೇ ಹೇಳಿ, ಎಣ್ಣೆಗೈಯಲ್ಲಿ ಒತ್ತುವಂಥ ಪ್ರಶ್ನೆಯೇ ಇದು? ಹುಣಸಗಿ ಬಸ್ಸು ಎಷ್ಟೊತ್ತಿಗೆ ಬಿಡಬೇಕೆಂದು ನಮ್ಮನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಬಾಂಬು ಯಾವಾಗ ಬಿಡಬೇಕೆಂದು ಮಾತ್ರ ನಮ್ಮನ್ನೇ ಕೇಳಬೇಕು!

ಹೀಗೆ ಕೇಳಿದಾಗಲೆಲ್ಲ ನನಗೆ ಮಹಬೂಬ ಚಾಚಾ ನೆನಪಾಗುತ್ತಾರೆ. ಇದೇ ಹೋಟೆಲಿನ ಗೋಡೆಗೆ ಅಂಟಿಕೊಂಡು ಅವರ ಹೊಲಿಗೆ ಮಷೀನು ಇತ್ತು. ಕೆಲವು ವರ್ಷಗಳ ಹಿಂದೆ ಗಡಿಯಲ್ಲಿ ಗದ್ದಲವೆದ್ದಾಗ, ಮಂದಿಯ ದನಿ ತೆಗೆದು ನಗಿಸುವ ನಾನು ಇಲ್ಲಿಯ ಪುಕ್ಕಟೆ ಮನರಂಜನೆ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ತಡ ಎನ್ನುವ ಹೆಣ್ಣುದನಿ, ಶಹಾಪುರ ಬಸ್ಸಿನ ಕಂಡಕ್ಟರು, ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಗೊರಕೆಯನ್ನೂ ಮಂದಿಯದೇ ಹೊಡೆಯುತ್ತಾನೆಂದು ಅವ್ವ ಬೈಯುತ್ತಿದ್ದಳು. ಆಗ ಹೆಚ್ಚು ಗಿರಾಕಿಯಿದ್ದದ್ದು ಟಿವಿ ನಿರೂಪಕನ ದನಿಗೆ.

“ಮೊದಲು ನಾವು ಹಾಕಲ್ಲ ಅಂತ ಇನ್ನೆಷ್ಟು ದಿನ ಕೂತಿರ್ತೀರಿ? ದೇಶದ ಜನ ಕೇಳುತ್ತಿದ್ದಾರೆ!” ಎಂದು ನಾನು ಟೇಬಲ್ ಗುದ್ದಿದರೆ, ಕಾಕಾ ಮಿರ್ಚಿ ಕರಿಯುವ ಸೌಟನ್ನೇ ಎತ್ತಿಬಿಡುತ್ತಿದ್ದರು. “ಹಾಕಿ ಬಿಡ್ರಿ ಅತ್ಲಾಗ! ಸರಕಾರಕ್ಕ ಜನದ ಮಾತು ಗೊತ್ತಾಗ್ಲಿ!”

ಚಾಚಾನ ಒಬ್ಬನೇ ಮಗ ರಫೀಕ ಆಗ ಅದೇ ಗಡಿಯಲ್ಲಿ ಫೌಜಿನವ. ಅವನ ಫೋನು ಬಂದು ಬಹಳ ದಿನವಾಗಿತ್ತು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಚಪ್ಪಾಳೆ.

ಒಂದು ದಿನ ಚಾಚಾ ಮಷೀನು ನಿಲ್ಲಿಸಿ ಒಳಗೆ ಬಂದರು. “ತಮ್ಮಾ, ಸರಕಾರ ಜನದ ಮಾತು ಕೇಳ್ತದ ಅಂತೀರಿ. ನಾನೂ ಜನದಾಗ ಒಬ್ಬವ ಹೌದಿಲ್ಲೋ? ಅದ ದನಿಯಾಗ ಒಮ್ಮಿ ‘ಹಾಕಬ್ಯಾಡ್ರಿ’ ಅನ್ನು.”

“ನೀವ ಹೇಳ್ರಲ್ಲ ಚಾಚಾ.”

“ನಾ ಹೇಳಿದ್ರ ಮಗನ ಚಿಂತಿ ಅಂತಾರೋ. ಆ ದನಿ ಹೇಳಿದ್ರ ದೇಶದ ಚಿಂತಿ ಆಗ್ತದ.”

ಟೇಬಲ್ ಗುದ್ದಿದೆ. “ಮೊದಲು ಹಾಕಲ್ಲ ಎಂದು ಕೊಟ್ಟ ಮಾತು ಮುರಿಯೋದಕ್ಕೆ ನೀವು ಯಾರು? ದೇಶದ ಜನ ಕೇಳುತ್ತಿದ್ದಾರೆ!”

ಅದೇ ಸೌಟು, ಅದೇ ಎತ್ತರ. “ಖರೇ ಅದರಿ! ಹಾಕಬಾರ್ದು! ಸರಕಾರಕ್ಕ ಗೊತ್ತಾಗ್ಲಿ!” ಹೋಟೆಲ್ ತುಂಬ ಚಪ್ಪಾಳೆ.

ಶಾಬಾಸ್ ಸಿಗುತ್ತದೆಂದು ಚಾಚಾನ ಕಡೆ ತಿರುಗಿದೆ. ಮುಖ ಮೊದಲಿಗಿಂತ ಬಾಡಿತ್ತು. “ಇಷ್ಟ ಏನೋ? ನಾಳಿ ನೀ ಹಾಕ್ರಿ ಅಂದ್ರ ಮತ್ತ ಹಾಕ್ರಿ ಅಂತಾರಲ್ಲೋ ಇವರು,” ಎಂದು ಮಷೀನಿಗೆ ಮರಳಿದರು.

ಗದ್ದಲ ಅಡಗಿತು, ರಫೀಕ ರಜೆಗೆ ಬಂದ. ನಮ್ಮ ಮಾತಿನಿಂದ ಅಡಗಿತೋ, ನಮ್ಮಂಥವರ ಮಾತಿದ್ದೂ ಅಡಗಿತೋ, ನನಗೆ ಇವತ್ತಿಗೂ ತಿಳಿಯದು.

ಫೋನು ಇನ್ನೂ ಉತ್ತರಕ್ಕೆ ಕಾಯುತ್ತಿತ್ತು. ಕಾಕಾ ನನ್ನ ಹೆಗಲ ಮೇಲಿಂದ ಇಣುಕಿದರು. “ಏನ್ ಒತ್ತಮ್ ತಮ್ಮಾ? ಆ ಟಿವಿ ದನಿಯಾಗ ಹೇಳು ನೋಡಮ್.”

ಬೆರಳು ಒರೆಸಿಕೊಂಡು ಎರಡು ಒತ್ತಿದೆ. “ಹಾಕೋದು ಬ್ಯಾಡ ಕಾಕಾ,” ಎಂದೆ, ಯಾರ ದನಿಯನ್ನೂ ತೆಗೆಯದೆ. ನನ್ನದು ಇಷ್ಟು ಕೀರಲು ಎಂದು ಗೊತ್ತಿರಲಿಲ್ಲ.

ಕಾಕಾ ಸೌಟು ಎತ್ತಲಿಲ್ಲ. ನನ್ನನ್ನೇ ನೋಡಿದರು. “ಯಾಕ?”

ಇಷ್ಟು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಸುಸಲಾ ಆರಿದರೆ ಆರಲಿ ಎಂದು ತಟ್ಟೆ ಪಕ್ಕಕ್ಕೆ ಸರಿಸಿದೆ.