ಸಂಪಾಜೆಯಲ್ಲಿ ಕಂಡ ಎರಡು ಕಡ್ಡಿಗಳು

ಘಾಟಿ ಹತ್ತುವ ಮೊದಲು ಇಂಜಿನ್ ತಣಿಯಬೇಕೆಂದು ಡ್ರೈವರ್ ಬಸ್ಸನ್ನು ಸಂಪಾಜೆಯ ಶಾಲೆಯೆದುರು ನಿಲ್ಲಿಸಿದ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇದು ಮೊದಲ ಚುನಾವಣೆ. ಶಾಲೆಯೊಳಗೆ ಮತದಾನ ನಡೆದಿತ್ತು. ನಾನು ಬೆಳಿಗ್ಗೆಯೇ ಪುತ್ತೂರಿನಲ್ಲಿ ವೋಟು ಹಾಕಿ ಹೊರಟವನು. ಸುಮ್ಮನೆ ಜಗಲಿ ಹತ್ತಿ ಕಿಟಕಿಯಲ್ಲಿ ಇಣುಕಿದೆ.

ಬೆರಳಿಗೆ ಮಸಿ ಹಾಕುವ ಗುಮಾಸ್ತನ ಮುಂದೆ ಎರಡು ಕಡ್ಡಿಗಳಿದ್ದವು. ಒಂದು ಬೆಂಕಿಕಡ್ಡಿಯಷ್ಟು ಗಿಡ್ಡ. ಇನ್ನೊಂದು ತೆಂಗಿನ ಗರಿಯ ಕಡ್ಡಿ, ಮೊಳದುದ್ದ.

"ಉದ್ದದ್ದು ಎಂತಕ್ಕೆ?" ಎಂದು ಬಾಗಿಲಲ್ಲಿದ್ದ ಪೊಲೀಸನನ್ನು ಕೇಳಿದೆ.

"ಕೆಲವರಿಗೆ ದೂರದಿಂದಲೇ ಹಾಕುದು. ಕಾನೂನು ಬಂತು ಅಂತ ಕೈ ತಾಗಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನನಗೆ ಮೈ ಉರಿಯಿತು.

ಅಷ್ಟರಲ್ಲಿ ಕೂಲಿ ಮಾಡುವ ಮುದುಕಿಯೊಬ್ಬಳು ಒಳಗೆ ಬಂದಳು. ಯಾರೂ ಹೇಳದೆಯೇ ಮೇಜಿನಿಂದ ದೂರ ನಿಂತು ಕೈ ಚಾಚಿದಳು. ಗುಮಾಸ್ತ ತಲೆಯೆತ್ತದೆ ಉದ್ದ ಕಡ್ಡಿಯನ್ನು ಮಸಿಯಲ್ಲಿ ಅದ್ದಿದ.

ವೋಟು ಹಾಕಿ ಹೊರಬಂದವಳು ಅಂಗಳಕ್ಕಿಳಿದು, ಒದ್ದೆ ಮಸಿ ಎಲ್ಲಿಗೂ ತಾಗದ ಹಾಗೆ ಬೆರಳನ್ನು ನೆಟ್ಟಗೆ ಹಿಡಿದು ನಿಂತಿದ್ದಳು. ಅವಳಿಗೆ ಏನಾದರೂ ಹೇಳಬೇಕೆನಿಸಿತು. ನನ್ನ ಬೆರಳಿನ ಮಸಿಯನ್ನು ತೋರಿಸಿ ನಕ್ಕೆ.

ಅವಳು ನಗಲಿಲ್ಲ. ಗಾಬರಿಯಿಂದ ಒಮ್ಮೆ ನನ್ನ ಬೆರಳನ್ನು, ಒಮ್ಮೆ ಮುಖವನ್ನು ನೋಡಿದಳು.

"ನಿಮಗೂ ಹಾಕಿದ್ರಾ ಧಣಿಗಳೇ? ಇದು ನಮ್ಮ ಜಾತಿಯವರ ಗುರ್ತ ಸಿಕ್ಲಿಕ್ಕೆ ಹಾಕುದು ಅಂತ ಮಾಡಿದ್ದೆ."